ಹಳೇ ಮೇಷ್ಟ್ರಿಗೆ ಗುರುವಂದನೆ ಮಾಡೋದು ಹೇಗೆ: ಶಾಲು ಖರೀದಿಗೆ ಹೋಗೋ ಮುಂಚೆ ಓದಿ

ಮಳೆಗಾಲ ಮುಗೀತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತೆ. "ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚ್‌ನೋರೆಲ್ಲಾ ಸೇರಿ ಗುರುವಂದನೆ ಇಟ್ಕೋಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು, ಮೇಷ್ಟ್ರುಗಳ ನಂಬರ್ ಹೇಗೆ ಹುಡುಕೋದು, ಎಷ್ಟು ಖರ್ಚು ಬರುತ್ತೆ, ಏನು ಕೊಟ್ರೆ ಚೆನ್ನಾಗಿರುತ್ತೆ?" ಕೇಳೋರು ಬೇರೆ ಬೇರೆ ಊರಿನೋರು, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ, ನಿಮ್ಮ ಗ್ರೂಪಿಗೆ ಕಳಿಸ್ಕೊಳ್ಳಿ. ಸರ್ಕಾರಿ ಹೈಸ್ಕೂಲನ್ನ ಮನಸಲ್ಲಿಟ್ಟು ಬರ್ದಿದೀನಿ, ಅನುದಾನಿತ ಶಾಲೆ ಆದ್ರೂ ಹೆಚ್ಚು ಕಮ್ಮಿ ಇದೇ ಲೆಕ್ಕ.

ಹಂತಗಳಿಗೆ ಹೋಗೋ ಮುಂಚೆ ಒಂದು ವಿಷಯ ತಲೇಲಿ ಕೂರ್ಬೇಕು, ಇಲ್ಲಾಂದ್ರೆ ಮುಂದಿನದೆಲ್ಲಾ ಬರೀ ಶಾಮಿಯಾನದ ವ್ಯವಸ್ಥೆ ಆಗೋಗುತ್ತೆ. ಮೇಷ್ಟ್ರ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಎಷ್ಟು ಜನ ಪಾಸು, ಎಷ್ಟು ಜನಕ್ಕೆ ಡಿಸ್ಟಿಂಕ್ಷನ್ ಅನ್ನೋದನ್ನ ರಿಸಲ್ಟ್ ಶೀಟು ಬೇಸಿಗೆ ರಜೆಯಲ್ಲೇ ಹೇಳಿಬಿಡುತ್ತೆ, ಆದ್ರೆ ಹೇಳಿಕೊಟ್ಟಿದ್ರಲ್ಲಿ ಯಾವುದು ಉಳೀತು, ಯಾವುದು ಪರೀಕ್ಷೆ ಹಾಲ್‌ನಿಂದ ಹೊರಗೆ ಬರ್ತಿದ್ದ ಹಾಗೆ ಮರ್ತೋಯ್ತು ಅನ್ನೋದು ಗೊತ್ತಾಗೋದು ಹದಿನೈದು ಇಪ್ಪತ್ತು ವರ್ಷ ಆದ್ಮೇಲೆ, ಅಷ್ಟೊತ್ತಿಗೆ ನೀವು ಎಲ್ಲೋ, ಅವರು ಎಲ್ಲೋ. ಆ ಸುದ್ದಿ ಅವರಿಗೆ ಮುಟ್ಟೋಕೆ ನೀವೇ ಹೋಗಿ ಹೇಳ್ಬೇಕು, ಬೇರೆ ದಾರಿ ಇಲ್ಲ. ಗುರುವಂದನೆ ಅಂದ್ರೆ ನನ್ನ ಪ್ರಕಾರ ಇಷ್ಟೇ: ಮೇಷ್ಟ್ರಿಗೆ ತಡವಾಗಿ ಸಿಗೋ ರಿಸಲ್ಟು. ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ ಎಲ್ಲಾ ಇರ್ಲಿ, ಬೇಡ ಅನ್ನಲ್ಲ, ಆದ್ರೆ ರಿಟೈರ್ ಆದ ಮೇಷ್ಟ್ರ ಮನೆ ಬೀರು ತೆಗೆದು ನೋಡಿ, ಬೀಳ್ಕೊಡುಗೆ ದಿನದ್ದೇ ಒಂದು ಕಟ್ಟು ಶಾಲು ಇರುತ್ತೆ.

ಬೇಕಾಗಿರೋದು ಜಾಸ್ತಿ ಏನಿಲ್ಲ. ಮೂರು ನಾಕು ತಿಂಗಳು ಟೈಮು, ಓಡಾಡೋಕೆ ಊರಲ್ಲೇ ಇರೋ ಇಬ್ಬರು, ಫೋನು ಮಾಡೋಕೆ ತಾಳ್ಮೆ ಇರೋ ಇಬ್ಬರು, ಲೆಕ್ಕ ಇಡೋಕೆ ಒಬ್ಬರು, ಮತ್ತೆ ಯಾರದೋ ಮನೆ ಅಟ್ಟದ ಮೇಲಿರೋ ಗ್ರೂಪ್ ಫೋಟೋ. ಐವತ್ತು ಜನರ ಕಮಿಟಿ ಮಾಡ್ಬೇಡಿ, ಕೆಲಸ ಮಾಡೋರು ಹೇಗಿದ್ರೂ ಐದೇ ಜನ.

1. ಡೇಟ್ ಗೊತ್ತು ಮಾಡ್ಕೊಳ್ಳಿ

ಎಲ್ಲರೂ ಮೊದಲು ಹೇಳೋದು ಸೆಪ್ಟೆಂಬರ್ 5. ರಾಧಾಕೃಷ್ಣನ್ ಹುಟ್ಟಿದ ದಿನ, 1962ರಿಂದ ಶಿಕ್ಷಕರ ದಿನ, ಅದಕ್ಕಿಂತ ಒಳ್ಳೇ ದಿನ ಯಾವುದಿದೆ ಅಂತ. ಆದ್ರೆ ಅವತ್ತು ಸರ್ವೀಸ್‌ನಲ್ಲಿರೋ ಮೇಷ್ಟ್ರುಗಳೆಲ್ಲಾ ತಾಲ್ಲೂಕು ಮಟ್ಟದ ಕಾರ್ಯಕ್ರಮಕ್ಕೆ ಹೋಗಿರ್ತಾರೆ, ಶಾಲೆಯಲ್ಲಿ ನಿಮಗೆ ಬೀಗ ತೆಗೆದು ಕೊಡೋಕೂ ಯಾರೂ ಸಿಗಲ್ಲ. ಗುರುಪೂರ್ಣಿಮೆ ಅಂತ ಹೊರಟ್ರೆ ಅದು ಆಷಾಢದಲ್ಲಿ, ಮಲೆನಾಡು ಕರಾವಳಿ ಕಡೆಯೋರು ಆ ಮಳೇಲಿ ವಯಸ್ಸಾದೋರನ್ನ ಕರ್ಕೊಂಡು ಬರೋದು ಬೇಡವೇ ಬೇಡ. ಮಾರ್ಚ್ ಏಪ್ರಿಲ್ ಪರೀಕ್ಷೆ. ಮೇ ತಿಂಗಳಲ್ಲಿ ಹೊರಗಿರೋ ಗೆಳೆಯರು ಊರಿಗೆ ಬರ್ತಾರೆ ಸರಿ, ಆದ್ರೆ ಬಿಸಿಲು, ಜೊತೆಗೆ ಮದುವೆ ಸೀಸನ್, ಮತ್ತೆ ಈಗ ಓದ್ತಿರೋ ಮಕ್ಕಳು ಯಾರೂ ಇರಲ್ಲ. ಮಕ್ಕಳು ಯಾಕೆ ಬೇಕು ಅಂತ ಆಮೇಲೆ ಹೇಳ್ತೀನಿ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗಿನ ಒಂದು ಭಾನುವಾರ ಇಟ್ಕೊಂಡ್ರೆ ಹವಾನೂ ಚೆನ್ನಾಗಿರುತ್ತೆ. ಚುನಾವಣೆ, ಜನಗಣತಿ, ಸಮೀಕ್ಷೆ ಅಂತ ಏನಾದ್ರೂ ಇದೆಯಾ ನೋಡ್ಕೊಳ್ಳಿ, ಇದ್ರೆ ಶಿಕ್ಷಕರನ್ನೇ ಡ್ಯೂಟಿಗೆ ಹಾಕಿರ್ತಾರೆ.

ಡೇಟ್ ಹೊಳೀತಿದ್ದ ಹಾಗೆ ಹೆಡ್ ಮೇಷ್ಟ್ರನ್ನ ಕಂಡು ಒಂದು ಅರ್ಜಿ ಕೊಡಿ, ಎಸ್‌ಡಿಎಂಸಿ ಅಧ್ಯಕ್ಷರಿಗೂ ಒಂದು ಮಾತು ಹೇಳಿ. ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಮಕ್ಕಳ ತಂದೆತಾಯಿಗಳು ಇರೋ ಸಮಿತಿ. ಇದು ಹಳೇ ವಿದ್ಯಾರ್ಥಿಗಳ ಖಾಸಗಿ ಕಾರ್ಯಕ್ರಮ, ಶಾಲೆಯ ಅಧಿಕೃತ ಸಮಾರಂಭ ಅಲ್ಲ ಅಂತ ಅರ್ಜಿಯಲ್ಲೇ ಬರೀರಿ. ಹಾಗೆ ಬರೀದೇ ಇದ್ರೆ ಶಿಷ್ಟಾಚಾರ ಅಂತ ಶುರುವಾಗಿ ಕಾರ್ಡ್‌ನಲ್ಲಿ ಯಾರ ಹೆಸರು ಮೊದಲು, ಯಾರ ಫೋಟೋ ದೊಡ್ಡದು ಅನ್ನೋ ರಾಮಾಯಣದಲ್ಲೇ ನಿಮ್ಮ ಒಂದು ತಿಂಗಳು ಹೋಗುತ್ತೆ. ರಾಜಕೀಯದೋರನ್ನ ಕರೀಬೇಡಿ ಅಂತ ನೇರವಾಗೇ ಹೇಳ್ತೀನಿ, ಅವರು ಬರೋದು ಒಂದೂವರೆ ಗಂಟೆ ಲೇಟು, ಅಲ್ಲಿವರೆಗೂ ಎಪ್ಪತ್ತೈದು ವರ್ಷದ ಮೇಷ್ಟ್ರು ಹಾರ ಹಾಕ್ಸ್ಕೊಳ್ಳೋಕೆ ಕಾಯ್ತಾ ಕೂತಿರ್ಬೇಕಾ?

2. ಪಟ್ಟಿ ಮಾಡಿ, ಬಿಟ್ಟುಹೋಗೋರನ್ನ ಹುಡುಕಿ

ನೆನಪಾದೋರ ಹೆಸರು ಗ್ರೂಪಲ್ಲಿ ಹಾಕ್ತಾ ಹೋದ್ರೆ ಫೇಮಸ್ ಮೇಷ್ಟ್ರುಗಳು ಮಾತ್ರ ಬರ್ತಾರೆ. ಒಂದು ಹಾಳೆ ತಗೊಂಡು ಮೂರು ಕಾಲಮ್ ಮಾಡಿ, 8, 9, 10ನೇ ಕ್ಲಾಸು. ಒಂದೊಂದಕ್ಕೂ ಕನ್ನಡ, ಇಂಗ್ಲಿಷು, ಹಿಂದಿ, ಸಮಾಜ, ಪಿಸಿಎಂ, ಸಿಬಿಝಡ್ ಅಂತ ಬರ್ಕೊಂಡು ಖಾಲಿ ಜಾಗ ತುಂಬ್ತಾ ಹೋಗಿ. (ಗೊತ್ತಿಲ್ದೋರಿಗೆ: ಪಿಸಿಎಂ ಮೇಷ್ಟ್ರು ಅಂದ್ರೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದ್ಕೊಂಡು ಬಂದೋರು, ಹೈಸ್ಕೂಲಲ್ಲಿ ಸಾಮಾನ್ಯವಾಗಿ ಗಣಿತ ತಗೊಳೋರು. ಸಿಬಿಝಡ್ ಅಂದ್ರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಕಡೆಯೋರು, ವಿಜ್ಞಾನ ಹೇಳೋರು.) ಪಿಟಿ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು, ಹೊಲಿಗೆ ಟೀಚರ್ ಇದ್ರೆ ಅವರು, ಹೆಡ್ ಮೇಷ್ಟ್ರು ಮಧ್ಯದಲ್ಲಿ ಬದಲಾಗಿದ್ರೆ ಇಬ್ಬರೂ.

ಸಾಮಾನ್ಯವಾಗಿ ಬಿಟ್ಟುಹೋಗೋದು ಯಾರು ಅಂದ್ರೆ ಅತಿಥಿ ಶಿಕ್ಷಕರು. ಖಾಯಂ ಪೋಸ್ಟ್ ಖಾಲಿ ಇದ್ದಾಗ ಗೌರವಧನಕ್ಕೆ ಒಂದು ವರ್ಷ, ಎರಡು ವರ್ಷ ಬಂದು ಪಾಠ ಮಾಡಿ ಹೋದೋರು. ಆಗ ಅವರಿಗೆ ಇಪ್ಪತ್ಮೂರು ಇಪ್ಪತ್ನಾಲ್ಕು ವರ್ಷ ಇರ್ತಿತ್ತು, ಕೈಗೆ ಸಿಗ್ತಿದ್ದ ದುಡ್ಡು ಬಸ್‌ಚಾರ್ಜಿಗೂ ಸಾಲ್ತಿರ್ಲಿಲ್ಲ, ಆದ್ರೂ ಎಷ್ಟೋ ಶಾಲೆಗಳಲ್ಲಿ ಇಡೀ ಇಂಗ್ಲಿಷ್ ಸಿಲಬಸ್ ಮುಗಿಸಿದ್ದು ಅವರೇ. ಗ್ರೂಪ್ ಫೋಟೋದಲ್ಲೂ ಇರಲ್ಲ, ಈಗ ಏನೋ ಬೇರೆ ಕೆಲಸ ಮಾಡ್ತಿರ್ತಾರೆ, ಅವರನ್ನ ಮೇಷ್ಟ್ರು ಅಂತ ಕರೆಯೋರೂ ಇರಲ್ಲ. ಆಮೇಲೆ ಬೆಲ್ ಹೊಡೀತಿದ್ದ ಜವಾನ್ರು, ಆಫೀಸಲ್ಲಿ ಟಿಸಿ ಬರ್ಕೊಡ್ತಿದ್ದ ಕ್ಲರ್ಕು, ಬಿಸಿಯೂಟ ಬಂದ ಮೇಲಿನ ಬ್ಯಾಚ್ ಆಗಿದ್ರೆ ಅಡುಗೆ ಅಮ್ಮಂದಿರು, ಹಾಸ್ಟೆಲ್ ಹುಡುಗ್ರಿದ್ರೆ ವಾರ್ಡನ್. ಇವರನ್ನ ಕರೆದು ಕೆಳಗೆ ಕೂರಿಸಿ ಕೊನೇಲಿ "ಇವರಿಗೂ ಒಂದು ಶಾಲು" ಅನ್ನೋದಾದ್ರೆ ಕರೀಲೇಬೇಡಿ. ಒಂದೇ ಸಾಲು, ಒಂದೇ ತರದ ಕುರ್ಚಿ, ಒಂದೇ ತರದ ಗೌರವ.

3. ಹುಡುಕೋದು

ಮೊದಲು ವಯಸ್ಸಿನ ಲೆಕ್ಕ ಹಾಕ್ಕೊಳ್ಳಿ. ರಾಜ್ಯ ಸರ್ಕಾರದ ನಿವೃತ್ತಿ ವಯಸ್ಸು 2008ರವರೆಗೆ 58 ಇತ್ತು, ಆಮೇಲೆ 60 ಆಯ್ತು. 1995ರಲ್ಲಿ ನಿಮ್ಮ ಮೇಷ್ಟ್ರಿಗೆ 40 ವರ್ಷ ಇತ್ತು ಅಂದ್ರೆ 2015ರ ಹೊತ್ತಿಗೆ ರಿಟೈರ್ ಆಗಿರ್ತಾರೆ, ಈಗ ಎಪ್ಪತ್ತು ದಾಟಿರುತ್ತೆ. ಅಂಥೋರನ್ನ ಫೇಸ್‌ಬುಕ್‌ನಲ್ಲಿ ಹುಡುಕೋದು ವೇಸ್ಟು.

ಸಿಗೋ ಜಾಗಗಳು ಇವು. ತಾಲ್ಲೂಕಿನ ನಿವೃತ್ತ ನೌಕರರ ಸಂಘ. ಶಿಕ್ಷಕರ ಪತ್ತಿನ ಸಹಕಾರ ಸಂಘ, ಅಂದ್ರೆ ಮೇಷ್ಟ್ರುಗಳು ಬಾಯಲ್ಲಿ ಹೇಳೋ 'ಸೊಸೈಟಿ', ಸಾಲ ಸೋಲ ಅಂತ ಎಲ್ಲರೂ ಅಲ್ಲಿಗೆ ಹೋದೋರೇ. ಅದೇ ಕಾಲದ ಇನ್ನೊಬ್ಬ ಮೇಷ್ಟ್ರು, ಇದು ಎಲ್ಲದಕ್ಕಿಂತ ಗ್ಯಾರಂಟಿ, ಒಬ್ಬರು ಸಿಕ್ಕಿದ್ರೆ ನಾಲ್ಕು ಜನ ಸಿಕ್ಕಿದ ಹಾಗೆ. ಅವರು ಬಾಡಿಗೆಗಿದ್ದ ಮನೆಯ ಓನರು, ಅವರು ದಿನಾ ಬರ್ತಿದ್ದ ಬಸ್ಸಿನ ಊರು. ವರ್ಗಾವಣೆ ಆಗಿ ಹೋದೋರಾದ್ರೆ ಆ ಶಾಲೆಗೆ ಫೋನ್ ಮಾಡಿ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಯಾರ ಹತ್ರಾನೂ "ಮೇಷ್ಟ್ರ ನಂಬರ್ ಕೊಡಿ" ಅಂತ ಕೇಳ್ಬೇಡಿ, "ನನ್ನ ನಂಬರ್ ಅವರಿಗೆ ಕೊಡಿ, ಇಂಥ ಬ್ಯಾಚ್‌ನೋರು ಮಾತಾಡ್ಬೇಕಂತೆ ಅನ್ನಿ" ಅಂತ ಕೇಳಿ. ಈಗಿನ ಕಾಲದಲ್ಲಿ ವಯಸ್ಸಾದೋರಿಗೆ ಗೊತ್ತಿಲ್ಲದ ನಂಬರಿಂದ "ಸರ್ ನಿಮ್ಮ ಹಳೇ ಸ್ಟೂಡೆಂಟು" ಅಂತ ಫೋನ್ ಬಂದ್ರೆ ಮನೆಯೋರು ಮೋಸದ ಕಾಲ್ ಅಂತ ಕಟ್ ಮಾಡ್ತಾರೆ, ಅವರದ್ದು ತಪ್ಪಿಲ್ಲ. ಎರಡನೇದು, ಯಾರೋ ಹೇಳಿದ್ರು ಅಂತ ಗ್ರೂಪಲ್ಲಿ ಓಂ ಶಾಂತಿ ಹಾಕ್ಬೇಡಿ, ಬದುಕಿರೋರಿಗೆ ಶ್ರದ್ಧಾಂಜಲಿ ಹೋಗಿರೋ ಉದಾಹರಣೆ ಬೇಕಾದಷ್ಟಿದೆ.

ನಿಜವಾಗಿಯೂ ತೀರಿಕೊಂಡಿದ್ರೆ ಅವರ ಮನೆಯೋರನ್ನ ಕರೀರಿ. ಒಂದು ನಿಮಿಷ ಮೌನ ಅಂತ ಹೆಸರು ಓದಿ ಮುಂದಕ್ಕೆ ಹೋಗೋದು ಸುಲಭ, ಆದ್ರೆ ಆ ಮೇಷ್ಟ್ರ ಮಗಳು ಮುಂದಿನ ಸಾಲಲ್ಲಿ ಕೂತು ಅಪ್ಪ ಕ್ಲಾಸಲ್ಲಿ ಹೇಗಿದ್ರು ಅಂತ ಕೇಳೋದು ಬೇರೆ. ಮನೇಲಿರೋ ಅಪ್ಪ ಒಬ್ಬ, ಕ್ಲಾಸಲ್ಲಿರೋ ಮೇಷ್ಟ್ರು ಇನ್ನೊಬ್ಬ, ಎಷ್ಟೋ ಮಕ್ಕಳಿಗೆ ಆ ಎರಡನೇ ಮನುಷ್ಯನ ಪರಿಚಯಾನೇ ಇರಲ್ಲ. ಕುವೆಂಪು 'ಶ್ರೀರಾಮಾಯಣ ದರ್ಶನಂ' ಅರ್ಪಿಸಿದ್ದು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ, ವೆಂಕಣ್ಣಯ್ಯನವರು ಹೋಗಿದ್ದು 1939ರಲ್ಲಿ, ಕಾವ್ಯ ಹೊರಬಂದಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಅವರಿಲ್ಲ ಅಂತ ಕುವೆಂಪು ಸುಮ್ಮನಾಗ್ಲಿಲ್ಲ, ನೀವೂ ಆಗ್ಬೇಡಿ.

4. ಮಾತಾಡ್ಸೋದು, ಮನೆಗೆ ಹೋಗಿ ಕರೆಯೋದು

ಇಲ್ಲಿ ಎಲ್ಲರೂ ಮಾಡೋ ಒಂದು ಕೆಲಸ ಇದೆ, ದಯವಿಟ್ಟು ಮಾಡ್ಬೇಡಿ. ಮೇಷ್ಟ್ರ ಮುಂದೆ ಹೋಗಿ ನಿಂತ್ಕೊಂಡು, ಹಲ್ಲು ಕಿರ್ಕೊಂಡು, "ನಾನ್ಯಾರು ಹೇಳಿ ಸರ್ ನೋಡೋಣ, ಗುರುತು ಸಿಕ್ತಾ?" ಅವರು ವರ್ಷಕ್ಕೆ ಇನ್ನೂರು ಮುನ್ನೂರು ಮಕ್ಕಳಂತೆ ಮೂವತ್ತು ವರ್ಷ ಪಾಠ ಮಾಡಿದ್ದಾರೆ, ನೀವು ಆಗ ಮೀಸೆ ಬರದಿರೋ ಹುಡುಗ, ಈಗ ಹೊಟ್ಟೆ ಬಂದು ಕೂದಲು ಹೋಗಿದೆ, ಹೇಗೆ ಗೊತ್ತಾಗ್ಬೇಕು? ಗೊತ್ತಾಗ್ಲಿಲ್ಲ ಅಂದ್ರೆ ಅವರ ಮುಖ ಸಪ್ಪಗಾಗುತ್ತೆ, ನಿಮ್ಮ ಮುಖಾನೂ. ಅದರಲ್ಲೂ ಮರೆವಿನ ಕಾಯಿಲೆ ಶುರುವಾಗಿರೋರಿಗೆ ಇದು ಹಿಂಸೆ, ಅಷ್ಟು ಜನರ ಮುಂದೆ ತಾನು ಫೇಲಾದೆ ಅನ್ನಿಸುತ್ತೆ. ನೀವೇ ಹೇಳ್ಬಿಡಿ, "ಸರ್, ನಾನು ಇಂಥೋನು, ಇಂಥ ಊರಿಂದ ಬರ್ತಿದ್ದೆ, 2001ನೇ ಬ್ಯಾಚು, ಕಿಟಕಿ ಪಕ್ಕದ ಬೆಂಚು, ನಮ್ಮಪ್ಪಂದು ಬಸ್‌ಸ್ಟ್ಯಾಂಡ್ ಹತ್ರ ಸೈಕಲ್ ಶಾಪು." ಹೆಸರಿಗಿಂತ ಊರು, ಅಪ್ಪನ ಕಸುಬು, ಅಕ್ಕ ಅಣ್ಣ ಅದೇ ಶಾಲೇಲಿ ಓದಿದ್ರೆ ಅವರ ಹೆಸರು, ಇವುಗಳಿಂದ ನೆನಪು ಬೇಗ ಬರುತ್ತೆ. ಉತ್ತರ ಕರ್ನಾಟಕದ ಕಡೆ ಅಕ್ಕೋರ (ಅಲ್ಲಿ ಟೀಚರ್‌ನ ಹಾಗೆ ಕರೀತಾರೆ) ಹತ್ರ ನಿಮ್ಮ ಅಡ್ಡಹೆಸರು, ಅಂದ್ರೆ ಮನೆತನದ ಹೆಸರು, ಹೇಳಿ ಸಾಕು, ಇಡೀ ಮನೆತನ ಬಿಚ್ಚಿಡ್ತಾರೆ.

ಫೋನ್ ಮಾಡಿ ಒಪ್ಪಿಸಿದ ಮೇಲೆ ಒಂದ್ಸಲ ಮನೆಗೆ ಹೋಗಿ ಕರೀರಿ, ಇಬ್ಬರೋ ಮೂವರೋ ಹೋಗಿ, ಹತ್ತು ಜನ ಹೋಗಿ ಕಾಫಿ ಮಾಡೋರಿಗೆ ತೊಂದರೆ ಕೊಡ್ಬೇಡಿ. ಹೋದಾಗ್ಲೇ ಸೂಕ್ಷ್ಮವಾಗಿ ಕೇಳ್ಕೊಳ್ಳಿ, ಮೆಟ್ಟಿಲು ಹತ್ತೋಕಾಗುತ್ತಾ, ಕಿವಿ ಹೇಗಿದೆ, ಶುಗರ್ ಮಾತ್ರೆ ಎಷ್ಟೊತ್ತಿಗೆ, ಜೊತೆಗೆ ಯಾರು ಬರ್ತಾರೆ. ಬರೋಕಾಗದೇ ಇರೋರಿಗೆ "ವೀಡಿಯೋ ಕಾಲ್ ಮಾಡ್ತೀವಿ ಸರ್" ಅಂತ ಮುಗಿಸ್ಬೇಡಿ, ಸ್ಟೇಜಿಂದ ಮಾಡೋ ವೀಡಿಯೋ ಕಾಲಲ್ಲಿ ಗಲಾಟೆ ಬಿಟ್ರೆ ಏನೂ ಕೇಳಲ್ಲ. ಕಾರ್ಯಕ್ರಮದ ಹಿಂದಿನ ದಿನವೋ ಮಾರನೇ ದಿನವೋ ಮೂರು ಜನ ಅವರ ಮನೆಗೇ ಹೋಗಿ ಅರ್ಧ ಗಂಟೆ ಕೂತು ಬನ್ನಿ.

5. ದುಡ್ಡು

ಬೇಗ ಮುಗಿಸ್ತೀನಿ. ಲೆಕ್ಕ ಸುಲಭ, 60 ಜನ ತಲಾ 1,500 ಹಾಕಿದ್ರೆ 90,000 ಆಯ್ತು, ಊಟ, ಶಾಮಿಯಾನ, ಮೈಕು, ಗೌರವದ ಸಾಮಾನು, ಮೇಷ್ಟ್ರುಗಳ ಕಾರು ಅಷ್ಟರೊಳಗೆ ಬರೋ ಹಾಗೆ ಕಾರ್ಯಕ್ರಮ ಹೊಲಿಸ್ಕೊಳ್ಳಿ. ಹಣ ಒಬ್ಬರ ಖಾತೆಗೆ ಬಂದ್ರೂ ಲೆಕ್ಕ ಇಬ್ಬರು ನೋಡ್ಬೇಕು. ಯಾರು ಎಷ್ಟು ಕೊಟ್ರು ಅಂತ ಗ್ರೂಪಲ್ಲಿ ಲಿಸ್ಟ್ ಹಾಕಲೇಬೇಡಿ. ನಿಮ್ಮ ಬ್ಯಾಚಲ್ಲಿ ಅಮೆರಿಕದಲ್ಲಿರೋನೂ ಇದ್ದಾನೆ, ಗಾರೆ ಕೆಲಸಕ್ಕೆ ಹೋಗೋನೂ ಇದ್ದಾನೆ, ಆ ಲಿಸ್ಟ್ ನೋಡಿದ ದಿನವೇ ಎರಡನೆಯೋನು "ನಂಗೆ ಅವತ್ತು ಬೇರೆ ಕೆಲಸ ಇದೆ" ಅಂತಾನೆ. ಖರ್ಚಿನ ಲೆಕ್ಕ ಪೈಸೆ ಪೈಸೆ ಹಾಕಿ, ವಂತಿಗೆ ಲಿಸ್ಟ್ ಬೇಡ.

ಉಡುಗೊರೆ ವಿಷಯಕ್ಕೆ ಬಂದ್ರೆ, ಇನ್ನೂ ಸರ್ವೀಸ್‌ನಲ್ಲಿರೋ ಸರ್ಕಾರಿ ಶಿಕ್ಷಕರಿಗೆ ನಡತೆ ನಿಯಮಗಳಿವೆ, ಚಿನ್ನದ ಉಂಗುರ, ದುಬಾರಿ ಫೋನು ಕೊಟ್ಟು ಅವರನ್ನ ಇಕ್ಕಟ್ಟಿಗೆ ಸಿಕ್ಕಿಸ್ಬೇಡಿ. 1921ರಲ್ಲಿ ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ಹುಡುಗರು ಹೂವು ಕಟ್ಟಿದ ಸಾರೋಟನ್ನ ತಾವೇ ಎಳ್ಕೊಂಡು ರೈಲ್ವೆ ಸ್ಟೇಷನ್‌ವರೆಗೂ ಬಿಟ್ಟು ಬಂದ್ರು. ನೂರು ವರ್ಷ ಆಯ್ತು, ಜನ ಇನ್ನೂ ಹೇಳ್ತಾರೆ, ಖರ್ಚಾಗಿದ್ದು ಹೂವಿಂದು ಮಾತ್ರ.

6. ಕಾಗದ ಬರೆಯೋದು (ಇದನ್ನ ಬಿಟ್ರೆ ಮಿಕ್ಕಿದ್ದು ಮಾಡಿ ಏನೂ ಉಪಯೋಗ ಇಲ್ಲ)

ಪ್ರತಿಯೊಬ್ಬ ಹಳೇ ವಿದ್ಯಾರ್ಥಿಯೂ ಕನಿಷ್ಠ ಒಬ್ಬ ಮೇಷ್ಟ್ರಿಗೆ ಅರ್ಧ ಪುಟ ಬರೀಬೇಕು. ಅದನ್ನೆಲ್ಲಾ ಸೇರಿಸಿ ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಫೈಲು. ಮೊಮೆಂಟೊ ಬದಲು ಇದನ್ನೇ ಕೊಡಿ ಅಂತೀನಿ ನಾನು. ಹೇಳಿದ ತಕ್ಷಣ ಎಲ್ಲರೂ "ನಂಗೆ ಬರೆಯೋಕೆ ಬರಲ್ಲ" ಅಂತಾರೆ, ಬರೆದ್ರೂ ಹೀಗೆ ಬರೀತಾರೆ:

"ಅಜ್ಞಾನದ ಕತ್ತಲೆಯಿಂದ ಸುಜ್ಞಾನದ ಬೆಳಕಿನೆಡೆಗೆ ನಮ್ಮನ್ನು ಕೈಹಿಡಿದು ನಡೆಸಿದ ಪೂಜ್ಯ ಗುರುಗಳಿಗೆ ಅನಂತಾನಂತ ವಂದನೆಗಳು."

ಇದನ್ನ ಯಾವ ಮೇಷ್ಟ್ರಿಗೆ ಬೇಕಾದ್ರೂ ಕೊಡಬಹುದು, ಪಕ್ಕದೂರಿನ ಮೇಷ್ಟ್ರಿಗೂ ಕೊಡಬಹುದು, ಅದೇ ಇದರ ತೊಂದರೆ. ಓದಿದೋರಿಗೆ ತಾವು ಮಾಡಿದ್ದು ಏನು ಅಂತ ಒಂದಕ್ಷರ ಗೊತ್ತಾಗಲ್ಲ. ಬರೆಯೋಕೆ ಕೂತಾಗ ಮೂರು ಪ್ರಶ್ನೆ ಕೇಳ್ಕೊಳ್ಳಿ. ಅವರು ಏನು ಮಾಡ್ತಿದ್ರು, ಒಂದು ಪಾಠ, ಒಂದು ದಿನ, ಒಂದು ಅಭ್ಯಾಸ? ಆಗ ನಿಮಗೆ ಏನಾಯ್ತು? ಇವತ್ತು ಅದು ಎಲ್ಲಿ ಉಪಯೋಗಕ್ಕೆ ಬರ್ತಿದೆ? ಒಂದು ಮಾದರಿ ಹಾಕ್ತೀನಿ, ಗ್ಯಾರೇಜ್ ಇಟ್ಕೊಂಡಿರೋ ಒಬ್ಬ ಬರೀತಿದ್ದಾನೆ ಅಂತ ಅಂದ್ಕೊಳ್ಳಿ:

"ಮೇಡಂ, ಥೇಲ್ಸನ ಪ್ರಮೇಯ ಮಾಡಿಸೋವಾಗ ನೀವು ದತ್ತ, ಸಾಧನೀಯ ಎರಡೂ ಬರೆಯೋವರೆಗೂ ಚಿತ್ರಕ್ಕೆ ಕೈ ಹಚ್ಚೋಕೆ ಬಿಡ್ತಿರ್ಲಿಲ್ಲ. 'ಏನು ಕೊಟ್ಟಿದ್ದಾರೆ ಗೊತ್ತಿಲ್ಲ, ಏನು ತೋರಿಸ್ಬೇಕು ಗೊತ್ತಿಲ್ಲ, ಎಲ್ಲಿಗೋ ಹೊರಟೆ' ಅಂತ ಬೈತಿದ್ರಿ. ನಂಗೆ ಆ ಪ್ರಮೇಯ ಪೂರ್ತಿ ಬರ್ಲೇ ಇಲ್ಲ, ಪರೀಕ್ಷೇಲಿ ದತ್ತ, ಸಾಧನೀಯ, ರಚನೆವರೆಗೂ ಬರೆದು ಬಂದೆ. ಈಗ ಗ್ಯಾರೇಜಿಗೆ ಗಾಡಿ ಬಂದ್ರೆ ನಮ್ಮ ಹುಡುಗ್ರು ಸೀದಾ ಸ್ಪ್ಯಾನರ್ ಹಿಡೀತಾರೆ. ನಾನು ನಿಲ್ಸಿ ಕೇಳ್ತೀನಿ, ಏನು ಗೊತ್ತಿದೆ, ಏನು ಕಂಡುಹಿಡೀಬೇಕು, ಮೊದಲು ಅದು ಹೇಳು ಅಂತ. ಅವರಿಗೆ ಅದು ನಿಮ್ಮ ಮಾತು ಅಂತ ಗೊತ್ತಿಲ್ಲ."

ನೋಡಿ, ಇದರಲ್ಲಿ ಪೂಜ್ಯ ಇಲ್ಲ, ವಂದನೆ ಇಲ್ಲ, ಆದ್ರೆ ಮೇಡಂಗೆ ಬೇಕಾಗಿರೋದೆಲ್ಲಾ ಇದೆ. ಪ್ರಮೇಯ ಉಳೀಲಿಲ್ಲ, ಅದರ ಮುಂಚಿನ ಎರಡು ಸಾಲು ಉಳೀತು ಅನ್ನೋದು ಯಾವ ಟ್ರೈನಿಂಗಲ್ಲೂ ಅವರಿಗೆ ಗೊತ್ತಾಗಿರಲ್ಲ. ಈ ಕಾಗದ ಗಟ್ಟಿಯಾಗಿ ಓದಿದಾಗ ಇದೇ ಶಾಲೆಯಲ್ಲಿ ಈಗ ಪಾಠ ಮಾಡ್ತಿರೋ ಮೇಷ್ಟ್ರುಗಳೂ ಕೇಳಿಸ್ಕೋತಾರೆ, ಸೋಮವಾರ ಅವರು ಕ್ಲಾಸಿಗೆ ಹೋದಾಗ ದತ್ತ ಬರೆಸೋಕೆ ಇನ್ನೆರಡು ನಿಮಿಷ ಜಾಸ್ತಿ ತಗೊಂಡ್ರೂ ತಗೊಂಡ್ರೇ. ಹಾಗೇ ಹಿಂದೆ ಕೂತಿರೋ ಹತ್ತನೇ ಕ್ಲಾಸಿನ ಮಕ್ಕಳು, ಅದರಲ್ಲೂ ಗಣಿತ ಬರಲ್ಲ ಅಂತ ತಲೆ ಕೆಡಿಸ್ಕೊಂಡಿರೋರು, ಫಸ್ಟ್ ರ‍್ಯಾಂಕ್ ಬಂದೋನ ಭಾಷಣಕ್ಕಿಂತ ಇದನ್ನ ಕಿವಿಗೊಟ್ಟು ಕೇಳ್ತಾರೆ. ಮಕ್ಕಳು ಬೇಕು ಅಂದಿದ್ದು ಇದಕ್ಕೇ, ಕುರ್ಚಿ ಹೊರೋಕೆ, ಸ್ವಾಗತಕ್ಕೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸೋಕೆ ಅಲ್ಲ.

ಬರೆಯೋವಾಗ ಗಮನ ಇಡ್ಬೇಕಾದ್ದು ಇಷ್ಟು: ನಿಮ್ಮ ಪೋಸ್ಟು, ಸಂಬಳ, ಕಟ್ಟಿಸಿದ ಮನೆ ವಿಷಯ ಬೇಡ, ಅದು ಕಾಗದ ಹೋಗಿ ಬಯೋಡೇಟಾ ಆಗುತ್ತೆ. ಕೈಯಲ್ಲಿ ಬರೆದ್ರೆ ದೊಡ್ಡದಾಗಿ ಬರೀರಿ, ಟೈಪ್ ಮಾಡಿದ್ರೆ ಅಕ್ಷರದ ಸೈಜು 16, 18 ಇಡಿ. ಚಾಟ್‌ಜಿಪಿಟಿ ಕೈಲಿ ಬರೆಸ್ಬೇಡಿ, ಅಜ್ಞಾನದ ಕತ್ತಲೆ ಮತ್ತೆ ಬರುತ್ತೆ. ಬರೆಯೋಕೆ ಬರದೇ ಇರೋ ಗೆಳೆಯರು ಇದ್ದೇ ಇರ್ತಾರೆ, ಅಂಥೋರು ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ ಹೇಳ್ಲಿ, ಇನ್ನೊಬ್ಬರು ಅವರ ಮಾತಲ್ಲೇ ಬರ್ಕೊಳ್ಳಿ, ತಿದ್ದಬೇಡಿ.

7. ಹೊಡೆತದ ಕತೆಗಳು

ಇದನ್ನ ಬೇರೆ ಹಂತ ಮಾಡಿದ್ದು ಯಾಕಂದ್ರೆ ಪ್ರತಿ ಗುರುವಂದನೇಲೂ ಒಬ್ಬನಾದ್ರೂ ಮೈಕ್ ಹಿಡಿದು "ಅವತ್ತು ನಮ್ಮ ಮೇಷ್ಟ್ರು ಬೆತ್ತದಲ್ಲಿ ಬಾರಿಸಿದ್ದಕ್ಕೇ ಇವತ್ತು ಮನುಷ್ಯ ಆಗಿದೀನಿ" ಅಂತಾನೆ, ಎಲ್ಲರೂ ಚಪ್ಪಾಳೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದನ್ನೂ ಮಾನಸಿಕ ಹಿಂಸೆ ಕೊಡೋದನ್ನೂ ನಿಷೇಧಿಸಿದೆ, ಹಿಂದೆ ಈಗಿನ ಮಕ್ಕಳು ಕೂತಿದ್ದಾರೆ, ಅವರಿಗೆ ನೀವು ಹೇಳ್ತಿರೋದು ಏನು? ಅದಲ್ಲದೆ ಏಟು ತಿಂದು ಶಾಲೆ ಬಿಟ್ಟೋರು ಅವತ್ತು ಮೈಕ್ ಮುಂದೆ ಇರಲ್ಲ, ಕಾರ್ಯಕ್ರಮಕ್ಕೇ ಬಂದಿರಲ್ಲ. ಉಳಿದೋರ ಮಾತನ್ನ ಮಾತ್ರ ಕೇಳಿ ಹೊಡೆತದಿಂದ ಒಳ್ಳೇದಾಯ್ತು ಅನ್ನೋದು ತಪ್ಪು ಲೆಕ್ಕ.

ಹಾಗೇ, ಯಾರೋ ಒಬ್ಬರು "ಆ ಮೇಷ್ಟ್ರು ಇರೋ ಕಡೆ ನಾನು ಬರಲ್ಲ" ಅಂದ್ರೆ ಒತ್ತಾಯ ಮಾಡ್ಬೇಡಿ, ಯಾಕೆ ಅಂತ ಗ್ರೂಪಲ್ಲಿ ಕೇಳ್ಬೇಡಿ. ಜಾತಿ ಹಿಡಿದು ಬೈದಿರಬಹುದು, ಎಲ್ಲರ ಮುಂದೆ ಫೀಸಿನ ವಿಷಯಕ್ಕೆ ನಿಲ್ಲಿಸಿರಬಹುದು, ಹೆಣ್ಣುಮಕ್ಕಳಿಗೆ ಇನ್ನೂ ಹೇಳೋಕಾಗದ ಕಾರಣ ಇರಬಹುದು. "ಗುರುಗಳಲ್ವಾ, ಹೋಗ್ಲಿ ಬಿಡು" ಅನ್ನೋಕೆ ನಿಮಗೆ ಹಕ್ಕಿಲ್ಲ. ಕೃತಜ್ಞತೆ ಮನಸಿಗೆ ಬಂದ್ರೆ ಬರುತ್ತೆ, ವಸೂಲಿ ಮಾಡೋಕಾಗಲ್ಲ. ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ್ದ ಅಂತ ಗೊತ್ತಿರೋ ಮೇಷ್ಟ್ರನ್ನ ಪಟ್ಟಿಯಿಂದ ತೆಗೆದುಹಾಕಿ, ಚರ್ಚೆ ಬೇಡ.

ಪಾದಪೂಜೆ ಬಗ್ಗೆನೂ ಕೇಳ್ತಾರೆ. ನಿಮಗೆ ಕಾಲಿಗೆ ಬೀಳ್ಬೇಕು ಅನ್ಸಿದ್ರೆ ಬೀಳಿ, ಅದು ನಿಮ್ಮಿಷ್ಟ. ತಟ್ಟೆ ಇಟ್ಟು ಕಾಲು ತೊಳೆಯೋ ಕಾರ್ಯಕ್ರಮ ಇಟ್ಕೊಂಡ್ರೆ ಎಷ್ಟೋ ಮೇಷ್ಟ್ರುಗಳಿಗೇ ಮುಜುಗರ, ಮಂಡಿ ನೋವಿರೋರಿಗೆ ಅಷ್ಟೊತ್ತು ಕಾಲು ಚಾಚಿ ಕೂರೋದೂ ಕಷ್ಟ, ಈಗಿನ ಮಕ್ಕಳ ಕೈಲಂತೂ ಮಾಡಿಸಲೇಬೇಡಿ.

8. ಆ ದಿನ

ಹತ್ತು ಗಂಟೆ ಅಂದ್ರೆ ಹತ್ತಕ್ಕೆ ಶುರು, ಒಂದು ಗಂಟೆಗೆ ಊಟ, ಅದಕ್ಕಿಂತ ಲೇಟಾದ್ರೆ ಶುಗರ್ ಇರೋರಿಗೆ ತೊಂದರೆ. ಒಬ್ಬೊಬ್ಬ ಮೇಷ್ಟ್ರಿಗೂ ಒಬ್ಬೊಬ್ಬ ಜವಾಬ್ದಾರಿ ಅಂತ ಹಂಚ್ಕೊಳ್ಳಿ, ಮನೆಯಿಂದ ಕಾರಲ್ಲಿ ಕರ್ಕೊಂಡು ಬರೋದರಿಂದ ಹಿಡಿದು ವಾಪಸ್ ಮನೆ ಬಾಗಿಲಿಗೆ ಬಿಡೋವರೆಗೂ ಅವನೇ ಜೊತೆಗಿರ್ಬೇಕು. ಸ್ಟೇಜ್ ಎತ್ತರ ಬೇಡ, ಇದ್ರೆ ಮೆಟ್ಟಿಲಿಗೆ ಹಿಡಿಕೆ ಬೇಕು, ಕೈ ಇರೋ ಕುರ್ಚಿ ಬೇಕು (ಮಂಡಿ ನೋವಿರೋರು ಕೈ ಊರಿ ಏಳ್ತಾರೆ). ಶೌಚಾಲಯ ಮಾತ್ರ ಹಿಂದಿನ ದಿನವೇ ಹೋಗಿ ನೋಡಿ, ಶಾಲೆಯಲ್ಲಿ ಕಮೋಡ್ ಇರೋದು ಅಪರೂಪ, ಪಕ್ಕದ ಯಾರದಾದ್ರೂ ಮನೆಯೋರನ್ನ ಕೇಳಿಟ್ಕೊಳ್ಳಿ. ಇದನ್ನ ಯಾರೂ ಬಾಯ್ಬಿಟ್ಟು ಕೇಳಲ್ಲ, ಅದಕ್ಕೆ ಹೇಳ್ತಿದೀನಿ, ಕೆಲವರು ಇದೇ ಭಯಕ್ಕೆ ಬೆಳಿಗ್ಗೆಯಿಂದ ನೀರೇ ಕುಡಿದಿರಲ್ಲ.

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಲ್ಲಾ ಸೇರಿ ಹದಿನೈದು ನಿಮಿಷ. ಆಮೇಲೆ ಒಬ್ಬ ಮೇಷ್ಟ್ರು, ಅವರಿಗೆ ಬಂದ ಕಾಗದಗಳಲ್ಲಿ ಒಂದನ್ನ ಬರೆದೋರೇ ಓದೋದು, ಗೌರವ, ಅವರ ಎರಡು ಮಾತು, ಮುಂದಿನೋರು. ಎಲ್ಲರಿಗೂ ಒಟ್ಟಿಗೆ ಶಾಲು ಹೊದಿಸಿ ಫೋಟೋ ತೆಗೆದು ಕೊನೇಲಿ ಭಾಷಣ ಅಂದ್ರೆ ಗೊಂದಲ. ಮೇಷ್ಟ್ರುಗಳು ಮಾತಾಡೋಕೆ ನಿಂತ್ರೆ ಟೈಮ್ ಆಯ್ತು ಅಂತ ಚೀಟಿ ಕೊಡೋ ಧೈರ್ಯ ಯಾರಿಗೂ ಇರಲ್ಲ, ಹಾಗಾಗಿ ನಿಮ್ಮ ಕಡೆ ಭಾಷಣಗಳನ್ನೇ ಕತ್ತರಿಸಿ.

ಊಟ ಆದ್ಮೇಲೆ ಹಳೇ ಕ್ಲಾಸ್‌ರೂಮಲ್ಲಿ ಒಂದು ಪೀರಿಯಡ್ ಇಟ್ಕೊಳ್ಳೋದು ಈಗ ಎಲ್ಲಾ ಕಡೆ ನಡೀತಿದೆ, ನಿಜವಾಗ್ಲೂ ಚೆನ್ನಾಗಿರುತ್ತೆ, ಹಾಜರಿ ಕೂಗೋದು, "ಎಸ್ ಸರ್" ಅನ್ನೋದು. ಆದ್ರೆ ಮೇಷ್ಟ್ರಿಗೆ ಒಂದು ವಾರ ಮುಂಚೆನೇ ಹೇಳಿ, ಯಾವ ಪಾಠ ಅಂತ ಅವರೇ ಆರಿಸ್ಕೊಳ್ಳಲಿ. ಸರ್ಪ್ರೈಸ್ ಕೊಡೋಕೆ ಹೋಗ್ಬೇಡಿ, ತಯಾರಿ ಇಲ್ಲದೆ ಕ್ಲಾಸಿಗೆ ಹೋಗಿದ್ದೇ ಇಲ್ಲ ಅನ್ನೋ ಮೇಷ್ಟ್ರುಗಳಿಗೆ ಅದು ಶಿಕ್ಷೆ. ಹಳೇಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿಸ್ತಾರೆ ಅಂತ ಗೊತ್ತಾದ್ರೆ ನೀವೂ ಸ್ವಲ್ಪ ಓದ್ಕೊಂಡು ಹೋಗಿ. (ಪ್ರಸ್ತಾರ ಅಂದ್ರೆ ಪದ್ಯದ ಸಾಲಿಗೆ ಲಘು ಗುರು ಗುರುತು ಹಾಕೋದು, ಮರ್ತಿರ್ತೀರಿ.)

9. ಶಾಲೆಗೆ ಏನಾದ್ರೂ ಕೊಡೋದಾದ್ರೆ

ಹೆಡ್ ಮೇಷ್ಟ್ರನ್ನ ಕೇಳಿ ಕೊಡಿ. ಕೇಳದೇ ಕೊಟ್ರೆ ಮತ್ತೊಂದು ಗೋಡೆ ಗಡಿಯಾರ, ಮತ್ತೊಂದು ಬೀರು, ಅದರ ಮೇಲೆ ಬೀರುಗಿಂತ ದೊಡ್ಡದಾಗಿ ಬ್ಯಾಚ್ ಹೆಸರು. ಹಿಂದಿನ ಬ್ಯಾಚ್ ಕೊಟ್ಟ ನೀರಿನ ಫಿಲ್ಟರ್ ಕೆಟ್ಟು ಮೂಲೇಲಿ ಕೂತಿದ್ರೆ ಅದನ್ನ ರಿಪೇರಿ ಮಾಡಿಸಿ ಎರಡು ವರ್ಷದ ಸರ್ವೀಸ್ ದುಡ್ಡು ಕಟ್ಟಿ, ಫೋಟೋಗೆ ಚೆನ್ನಾಗಿ ಬರಲ್ಲ, ಮಕ್ಕಳಿಗೆ ನೀರು ಬರುತ್ತೆ. ಏನೇ ಕೊಟ್ರೂ ದಾಸ್ತಾನು ಪುಸ್ತಕದಲ್ಲಿ ಎಂಟ್ರಿ ಮಾಡಿಸಿ ರಶೀದಿ ತಗೊಳ್ಳಿ, ಅದು ಶಾಲೆಗೂ ಒಳ್ಳೇದು.

ಮೇಷ್ಟ್ರ ಹೆಸರಲ್ಲಿ ದತ್ತಿ ಇಡೋದು ಒಳ್ಳೇ ಪದ್ಧತಿ. ದತ್ತಿ ಅಂದ್ರೆ ಅಸಲು ಶಾಲೆ ಹೆಸರಲ್ಲಿ ಎಫ್‌ಡಿ ಇರುತ್ತೆ, ಬರೋ ಬಡ್ಡೀಲಿ ವರ್ಷ ವರ್ಷ ಬಹುಮಾನ. 25,000 ಇಟ್ಟು ಬಡ್ಡಿ 6 ಪರ್ಸೆಂಟ್ ಅಂದ್ಕೊಂಡ್ರೆ ವರ್ಷಕ್ಕೆ 1,500. ಎಲ್ಲಾ ದತ್ತಿನೂ ಹೆಚ್ಚು ಮಾರ್ಕ್ಸ್ ತೆಗೆದೋರಿಗೇ ಹೋಗುತ್ತೆ, ಒಂದೇ ಹುಡುಗಿ ಏಳು ಬಹುಮಾನ ತಗೊಂಡು ಹೋಗ್ತಾಳೆ. ನೀವು ಬೇರೆ ತರ ಬರೆಸಿ: ಎಂಟನೇ ಕ್ಲಾಸಿಂದ ಹತ್ತನೇ ಕ್ಲಾಸಿಗೆ ಗಣಿತದಲ್ಲಿ ಜಾಸ್ತಿ ಸುಧಾರಿಸಿದೋರಿಗೆ, ಇಲ್ಲಾ ಶಾಲೆ ಬಿಟ್ಟು ಮತ್ತೆ ಬಂದು ಸೇರಿ ಪಾಸಾದೋರಿಗೆ. ಆ ಮೇಷ್ಟ್ರು ನಿಜವಾಗಿ ಯಾರಿಗೋಸ್ಕರ ಒದ್ದಾಡಿದ್ರೋ ಅಂಥೋರಿಗೆ ಹೋಗ್ಲಿ.

10. ಮುಗಿದ ಮೇಲೆ

ಎಲೆ, ಪ್ಲಾಸ್ಟಿಕ್ ಲೋಟ, ಹೂವು ಎಲ್ಲಾ ಅವತ್ತೇ ಸಾಯಂಕಾಲ ನೀವೇ ಬಳಿದು ಹಾಕಿ, ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಅದನ್ನ ಗುಡಿಸೋದು ಎಂಟನೇ ಕ್ಲಾಸ್ ಮಕ್ಕಳು. ಒಂದು ವಾರದೊಳಗೆ ಖರ್ಚಿನ ಲೆಕ್ಕ, ಮೇಷ್ಟ್ರುಗಳಿಗೆ ಪ್ರಿಂಟ್ ಹಾಕಿಸಿದ ನಾಕು ಫೋಟೋ (ಗೂಗಲ್ ಡ್ರೈವ್ ಲಿಂಕ್ ಕಳಿಸಿದ್ರೆ ಅವರು ನೋಡಲ್ಲ), ಬರದೇ ಇದ್ದೋರ ಫೈಲುಗಳನ್ನ ಮನೆಗೆ ಮುಟ್ಟಿಸೋದು.

ಕೊನೇದಾಗಿ, ಮೇಷ್ಟ್ರನ್ನ ಕೇಳದೇ ಬ್ಯಾಚ್ ವಾಟ್ಸಾಪ್ ಗ್ರೂಪಿಗೆ ಸೇರಿಸ್ಬೇಡಿ. ನೂರಾರು ಗುಡ್ ಮಾರ್ನಿಂಗು, ರಾಜಕೀಯದ ಜಗಳ, ನಿಮ್ಮ ಪೋಲಿ ಜೋಕು, ಇದೆಲ್ಲಾ ಅವರು ಯಾಕೆ ನೋಡ್ಬೇಕು? ಹಾಗೇ ನಂಬರ್ ಸಿಕ್ತು ಅಂತ ಪಾಲಿಸಿ ಮಾಡ್ಸಿ ಸರ್, ಸೈಟ್ ತಗೊಳ್ಳಿ ಸರ್ ಅಂತ ಫೋನ್ ಮಾಡೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ ಮೊದಲೇ ಹೇಳಿ ನಿಲ್ಸಿ, ರಿಟೈರ್ ಆದ ದುಡ್ಡು ಅವರ ಹತ್ರ ಇರುತ್ತೆ ಅಂತ ಎಲ್ಲರಿಗೂ ಗೊತ್ತು, ಹಳೇ ಶಿಷ್ಯ ಅಂತ ಅವರು ಇಲ್ಲ ಅನ್ನೋಕೂ ಆಗಲ್ಲ. ಅದರ ಬದಲು ಯಾರು ಯಾವ ಮೇಷ್ಟ್ರ ಜವಾಬ್ದಾರಿ ತಗೊಂಡಿದ್ರೋ ಅವರೇ ತಿಂಗಳಿಗೋ ಎರಡು ತಿಂಗಳಿಗೋ ಒಂದ್ಸಲ ಫೋನ್ ಮಾಡಿ, ಪೆನ್ಷನ್‌ದಾರರ ಜೀವನ ಪ್ರಮಾಣ ಪತ್ರ ಕೊಡೋ ನವೆಂಬರ್ ತಿಂಗಳಲ್ಲಿ "ಬ್ಯಾಂಕಿಗೆ ಹೋಗೋದಿತ್ತಾ ಸರ್, ಗಾಡಿ ತರ್ಲಾ" ಅಂತ ಕೇಳಿ.